ಬಾನೆಟ್‌ಗೆ ಕೊನೆಯ ಸರದಿ

ಬಾನೆಟ್ ವಾರೆಯಾಗಿ ಕೂತಿದೆ ಎಂದು ಕಂಡೊಡನೆ ಪಾನಾ ಹಿಡಿದು ಬಾನೆಟ್‌ನ ಬೋಲ್ಟ್‌ಗಳಿಗೇ ಕೈ ಹಾಕುವವರು ಬಹಳ ಜನ. ದಯವಿಟ್ಟು ಹಾಗೆ ಮಾಡಬೇಡಿ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಕಾರಿನ ಹಿಂಬದಿಯ ಪಕ್ಕದ ತಗಡು ಬೆಸುಗೆ ಹಾಕಿದ್ದು, ಅದು ಎಲ್ಲಿಗೂ ಕದಲುವುದಿಲ್ಲ. ಬಾಗಿಲು ಅದಕ್ಕೆ ಹೊಂದಬೇಕು. ಫೆಂಡರ್, ಅಂದರೆ ಮುಂದಿನ ಚಕ್ರದ ಮೇಲಿನ ಮಡ್‌ಗಾರ್ಡ್ ತಗಡು, ಬಾಗಿಲಿಗೆ ಹೊಂದಬೇಕು. ಬಾನೆಟ್ ಎರಡೂ ಫೆಂಡರ್‌ಗಳ ನಡುವೆ ಕೂರಬೇಕು. ಮನೆ ಕಟ್ಟುವಾಗ ಚೌಕಟ್ಟನ್ನು ರಸಮಟ್ಟ ಹಿಡಿದು ನಿಲ್ಲಿಸಿದ ಮೇಲೆಯೇ ಕದ ಹೊಂದಿಸುತ್ತಾರಲ್ಲ, ಇಲ್ಲಿಯೂ ಕ್ರಮ ಅದೇ. ಚೌಕಟ್ಟು ಸೊಟ್ಟಗಿದ್ದಾಗ ಕದವನ್ನು ಎಷ್ಟು ಜರುಗಿಸಿದರೂ ಒಂದು ಮೂಲೆ ಸರಿಹೋದಾಗ ಇನ್ನೊಂದು ಮೂಲೆ ಕೆಡುತ್ತದೆ.

ನನ್ನ ಕಾರು 1990ರ ಮಾಜ್ದಾ ಮಿಯಾಟಾ. ಯುರೋಪಿನಲ್ಲಿ ಇದರ ಹೆಸರು ಎಂಎಕ್ಸ್-5. ಎರಡೇ ಸೀಟು, ಬಟ್ಟೆಯ ಮಡಚು ಚಾವಣಿ, ಗುಂಡಿ ಒತ್ತಿದರೆ ಮೇಲೇಳುವ ಮುಂದೀಪಗಳು, 1.6 ಲೀಟರ್ ಎಂಜಿನ್, 116 ಅಶ್ವಶಕ್ತಿ. 1989ರ ಫೆಬ್ರವರಿಯಲ್ಲಿ ಷಿಕಾಗೋದ ಮೋಟಾರು ಪ್ರದರ್ಶನದಲ್ಲಿ ಇದನ್ನು ಮೊದಲ ಸಲ ಜನರ ಮುಂದೆ ಇಟ್ಟರು. ಆಗ ಇಂಥ ಪುಟ್ಟ ತೆರೆದ ಕಾರುಗಳ ಕಾಲ ಮುಗಿಯಿತೆಂದೇ ಎಲ್ಲರೂ ತಿಳಿದಿದ್ದರು. ಬ್ರಿಟನ್ನಿನ ಕಂಪನಿಗಳು ಒಂದೊಂದಾಗಿ ಅವನ್ನು ಕೈಬಿಟ್ಟಿದ್ದವು. ಹಿರೋಶಿಮಾದಿಂದ ಬಂದ ಈ ಕಾರು 2016ರ ಏಪ್ರಿಲ್ ಹೊತ್ತಿಗೆ ತಯಾರಿಕೆಯಲ್ಲಿ ಹತ್ತು ಲಕ್ಷ ಮುಟ್ಟಿತು. ನನ್ನದು ಮರೀನರ್ ಬ್ಲೂ ಬಣ್ಣದ್ದು. ಟೆನ್ನೆಸ್ಸೀಯಿಂದ ಬಂದದ್ದರಿಂದ ನಮ್ಮ ಮಿಷಿಗನ್ ರಸ್ತೆಗಳ ಚಳಿಗಾಲದ ಉಪ್ಪು ಅದಕ್ಕೆ ತಗುಲಿಲ್ಲ. ನಾನಿರುವುದು ಡೆಟ್ರಾಯಿಟ್‌ನ ಉತ್ತರಕ್ಕೆ, ಟ್ರಾಯ್ ಪಟ್ಟಣದಲ್ಲಿ. ಇಲ್ಲಿನ ಹಳೆಯ ಕಾರುಗಳ ಬಾಗಿಲಿನ ಕೆಳಗಿನ ತಗಡನ್ನು ಬೆರಳಿನಿಂದ ಒತ್ತಿದರೆ ಸಾಕು, ಉಪ್ಪು ಎಷ್ಟು ತಿಂದಿದೆ ಎಂದು ತಿಳಿಯುತ್ತದೆ.

ನಾನು ತಗಡಿನ ಕೆಲಸದ ಮನೆಯಲ್ಲಿ ಬೆಳೆದವಳು. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಅಪ್ಪನ ಟಿಂಕರಿಂಗ್ ಶೆಡ್ ಇತ್ತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಆಮೇಲಾಮೇಲೆ ಮಾರುತಿ. ಅಪ್ಪ ಅಳತೆಪಟ್ಟಿ ಹಿಡಿದದ್ದನ್ನು ನಾನು ಕಂಡದ್ದು ಕಡಿಮೆ. ಅಂಗೈಯ ಕೆಳಗೆ ಒಂದು ತೆಳು ಹತ್ತಿಬಟ್ಟೆ ಇಟ್ಟುಕೊಂಡು ಬಾಗಿಲಿನಿಂದ ಮಡ್‌ಗಾರ್ಡ್‌ವರೆಗೆ ಒಂದೇ ಸಲ ಸವರಿ, ಎಲ್ಲಿ ಏಣು ಎದ್ದಿದೆ, ಎಲ್ಲಿ ತಗ್ಗಾಗಿದೆ ಎಂದು ಹೇಳುತ್ತಿದ್ದರು. ಬರಿಗೈಯಾದರೆ ಚರ್ಮ ಬಣ್ಣದ ಮೇಲೆ ಅಂಟಿ ತಡೆಯುತ್ತದೆ. ನಡುವೆ ಬಟ್ಟೆ ಇದ್ದರೆ ಕೈ ಜಾರುತ್ತದೆ, ಉಬ್ಬುತಗ್ಗು ಮಾತ್ರ ಉಳಿಯುತ್ತದೆ. ಅರ್ಧ ಮಿಲಿಮೀಟರಿನ ವ್ಯತ್ಯಾಸವೂ ಹೀಗೆ ತಿಳಿಯುತ್ತದೆ. ಮನೆಯಲ್ಲಿ ಯಾವ ಕಾರಿದ್ದರೂ ಇದನ್ನು ಮಾಡಿ ನೋಡಿ.

ಮಿಯಾಟಾ ಕೈಗೆ ಬಂದಾಗ ಅದರ ಮುಖ ಸ್ವಲ್ಪ ಎಡಕ್ಕೆ ತಿರುಗಿದಂತೆ ಕಾಣುತ್ತಿತ್ತು. ಬಾನೆಟ್ ಮತ್ತು ಬಲಗಡೆಯ ಫೆಂಡರ್ ನಡುವಿನ ಸಂದು ಮುಂದೆ ಎರಡೂವರೆ ಮಿಲಿಮೀಟರ್, ಹಿಂದೆ ಗಾಜಿನ ಬಳಿ ಆರು. ಎಡಗಡೆ ಮುಂದೆ ಎರಡೂವರೆ, ಹಿಂದೆ ನಾಲ್ಕು. ಬಾನೆಟ್‌ನ ಮುಂದಿನ ಅಂಚಿಗೂ ಮೂತಿಗೂ ನಡುವೆ ಬಲಕ್ಕೆ ನಾಲ್ಕು, ಎಡಕ್ಕೆ ಆರು. ಈ ಅಂಕಿಗಳನ್ನು ಅಂಟುಪಟ್ಟಿಯ ಮೇಲೆ ಬರೆದು ಆಯಾ ಜಾಗದಲ್ಲೇ ಅಂಟಿಸಿದೆ. ಅಳೆಯಲು ಬಳಸಿದ್ದು ಡ್ರಿಲ್ ಬಿಟ್‌ಗಳ ಹಿಂಬದಿಯ ನುಣುಪಾದ ತುದಿ. ನಾಲ್ಕು ಮಿಲಿಮೀಟರಿನ ಬಿಟ್ ಸಲೀಸಾಗಿ ಹೋಗಿ ನಾಲ್ಕೂವರೆಯದು ಹೋಗದಿದ್ದರೆ ಸಂದು ಎಷ್ಟೆಂದು ತಿಳಿಯಿತು. ಬೆಲೆಬಾಳುವ ಗೇಜ್ ಕೊಳ್ಳುವ ಅಗತ್ಯವಿಲ್ಲ. ಅಂಚಿನ ಬಣ್ಣ ಗೀಚದಂತೆ ಮೊದಲು ಪಟ್ಟಿ ಅಂಟಿಸಿಕೊಂಡರೆ ಆಯಿತು.

ಅಳತೆ ತೆಗೆಯುವಾಗ ನಾಲ್ಕೂ ಚಕ್ರಗಳು ಸಮತಟ್ಟಾದ ನೆಲದ ಮೇಲೆ ಇರಲೇಬೇಕು. ಚಾವಣಿಯಿಲ್ಲದ ಕಾರಿನ ಒಡಲು ಬಾಗುತ್ತದೆ. ಜ್ಯಾಕ್ ಹಾಕಿ ಒಂದು ಮೂಲೆ ಎತ್ತಿದರೆ ಬಾಗಿಲಿನ ಸಂದು ಕಣ್ಣೆದುರೇ ಬದಲಾಗುವುದನ್ನು ನೋಡಬಹುದು. ಎತ್ತಿ ನಿಲ್ಲಿಸಿದ ಕಾರಿನ ಮೇಲೆ ಹೊಂದಿಸಿದ್ದು ಇಳಿಸಿದ ಮೇಲೆ ಉಳಿಯುವುದಿಲ್ಲ.

ಚಿತ್ರಗಳನ್ನು ಅಪ್ಪನಿಗೆ ಕಳುಹಿಸಿದೆ. ಅವರಿಗೀಗ ಕಣ್ಣು ಮೊದಲಿನಂತಿಲ್ಲ, ಆದರೂ ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ ಫೋನ್ ಮಾಡಿದರು. "ಬಾನೆಟ್ ಮುಟ್ಟಬೇಡ ತಾಯಿ. ಬಲಗಡೆ ಮಡ್‌ಗಾರ್ಡ್ ಯಾರೋ ಬದಲಿಸಿದ್ದಾರೆ. ಬಾನೆಟ್ಟನ್ನು ಅದಕ್ಕೆ ತಕ್ಕಂತೆ ತಿರುಗಿಸಿ ಕೂರಿಸಿದ್ದಾರೆ. ಬೋಲ್ಟ್‌ನ ತಲೆ ನೋಡು, ವಾಷರ್‌ನ ನೆರಳು ನೋಡು" ಎಂದರು.

ವಾಷರ್‌ನ ನೆರಳು ಎಂದರೆ ಇದು. ಕಾರ್ಖಾನೆಯಲ್ಲಿ ಕೂರಿಸಿದ ವಾಷರ್ ವರ್ಷಗಟ್ಟಲೆ ಒಂದೇ ಜಾಗದಲ್ಲಿದ್ದರೆ ಅದರ ಕೆಳಗಿನ ಬಣ್ಣ ಒತ್ತಿಹೋಗಿ, ಧೂಳು ಸೇರದೆ, ಹೊಳಪಾದ ಒಂದು ಉಂಗುರದ ಗುರುತು ಉಳಿಯುತ್ತದೆ. ಬಾನೆಟ್ ಜರುಗಿಸಿದವರು ಆ ಗುರುತನ್ನು ಅಳಿಸಲಾರರು. ನಾನು ಕೀಲುಗಳ ಬಳಿ ಟಾರ್ಚ್ ಹಾಕಿ ನೋಡಿದಾಗ ಬಲಗಡೆಯ ವಾಷರ್ ತನ್ನ ಹಳೆಯ ಉಂಗುರದಿಂದ ಮುಂದಕ್ಕೆ, ಎಡಗಡೆಯದು ಹಿಂದಕ್ಕೆ ಸರಿದಿದ್ದವು. ಬಾನೆಟ್‌ನ ಬಲಪಕ್ಕ ಮುಂದೆ, ಎಡಪಕ್ಕ ಹಿಂದೆ. ಅಂದರೆ ಮೂತಿ ಎಡಕ್ಕೆ ತಿರುಗುತ್ತದೆ. ಬೋಲ್ಟ್‌ಗಳ ತಲೆಯ ಮೇಲೆ ಕಾರಿನ ಬಣ್ಣ ಒಡೆದಿತ್ತು.

ಫೆಂಡರ್ ಬದಲಾದದ್ದಕ್ಕೂ ಸಾಕ್ಷಿ ಸಿಕ್ಕಿತು. ಕಳ್ಳರು ಕಾರುಗಳನ್ನು ಬಿಚ್ಚಿ ಬಿಡಿಭಾಗ ಮಾರುವುದನ್ನು ತಡೆಯಲೆಂದು ಅಮೆರಿಕದಲ್ಲಿ 1984ರಲ್ಲಿ ಒಂದು ಕಾನೂನು ಬಂತು. ಅದರಿಂದಾಗಿ ಆ ಕಾಲದ ಎಷ್ಟೋ ಕಾರುಗಳ ಬಾನೆಟ್, ಬಾಗಿಲು, ಫೆಂಡರ್‌ಗಳ ಒಳ ಅಂಚಿನಲ್ಲಿ ಕಾರಿನ ಗುರುತು ಸಂಖ್ಯೆಯ ಪುಟ್ಟ ಚೀಟಿ ಇರುತ್ತದೆ. ನನ್ನ ಕಾರಿನ ಬಾನೆಟ್ ಮೇಲೆ ಚೀಟಿ ಇದೆ, ಎಡ ಫೆಂಡರ್ ಮೇಲೆ ಇದೆ, ಎರಡೂ ಬಾಗಿಲುಗಳ ಮೇಲೆ ಇದೆ. ಬಲ ಫೆಂಡರ್ ಮೇಲೆ ಇಲ್ಲ. ಹಳೆಯ ಕಾರು ಕೊಳ್ಳುವವರು ಮೊದಲು ನೋಡಬೇಕಾದದ್ದು ಈ ಚೀಟಿಗಳನ್ನು.

ಫೆಂಡರ್ ಬದಲಾದದ್ದು ಏಕೆ ಎಂಬುದು ಮುಂದಿನ ಪ್ರಶ್ನೆ. ಸಣ್ಣ ತರಚು ಗಾಯವೋ, ಅಥವಾ ಒಳಗಿನ ಚೌಕಟ್ಟೇ ಬಾಗಿದೆಯೋ? ಚೌಕಟ್ಟು ಬಾಗಿದ್ದರೆ ನನ್ನ ಗ್ಯಾರೇಜಿನಲ್ಲಿ ಏನೂ ಮಾಡುವಂತಿಲ್ಲ. ಅದನ್ನು ಎಳೆದು ನೇರ ಮಾಡುವ ಯಂತ್ರವಿರುವವರ ಬಳಿಗೆ ಹೋಗಬೇಕು. ಇದನ್ನು ತಿಳಿಯಲು ದಾರಿ ಸುಲಭ. ಬಾನೆಟ್ ಎತ್ತಿ, ಎಡ ಸಸ್ಪೆನ್ಷನ್ ಗೋಪುರದ (ಮುಂದಿನ ಚಕ್ರದ ಸ್ಪ್ರಿಂಗಿನ ಮೇಲ್ತುದಿ ಕೂರುವ ಜಾಗ) ಒಂದು ಬೋಲ್ಟ್‌ನಿಂದ ರೇಡಿಯೇಟರ್ ಆಸರೆಯ ಬಲ ಮೂಲೆಯ ಒಂದು ತೂತಿನವರೆಗೆ ಅಳೆಯಬೇಕು. ಆಮೇಲೆ ಬಲದಿಂದ ಎಡಕ್ಕೆ, ಅದೇ ಜೋಡಿ ಬೋಲ್ಟ್, ಅದೇ ಜೋಡಿ ತೂತು. ಎರಡು ಕರ್ಣಗಳೂ ಸಮವಾಗಿದ್ದರೆ ಮುಂಭಾಗ ಚೌಕವಾಗಿದೆ. ನನ್ನ ಕಾರಿನಲ್ಲಿ ವ್ಯತ್ಯಾಸ ಒಂದು ಮಿಲಿಮೀಟರ್ ಮಾತ್ರ, ಅದೂ ಪಟ್ಟಿ ಹಿಡಿಯುವ ಕೈಯದೇ ಇರಬಹುದು. ಮನಸ್ಸು ಹಗುರವಾಯಿತು. ಕಾರು ನೆಟ್ಟಗಿದೆ, ಒಂದು ತಗಡು ಮಾತ್ರ ತಪ್ಪು.

ಆ ಫೆಂಡರ್ ಮೂಲ ಕಂಪನಿಯದಲ್ಲ, ಅಗ್ಗದ ಬದಲಿ. ತಗಡು ತೆಳು, ಬೋಲ್ಟ್‌ನ ತೂತುಗಳು ಇರಬೇಕಾದಲ್ಲಿ ಇಲ್ಲ. ಮುಂದಿನ ತುದಿ ಮೂರು ಮಿಲಿಮೀಟರಿನಷ್ಟು ಒಳಕ್ಕೆ, ಹಿಂದಿನ ತುದಿ ಎರಡರಷ್ಟು ಹೊರಕ್ಕೆ. ಹಾಕಿದವರು ತೂತುಗಳನ್ನು ಗ್ರೈಂಡರಿನಿಂದ ಹಿಗ್ಗಿಸಿದ್ದರು. ಅಷ್ಟಾದರೂ ಬಾನೆಟ್‌ಗೆ ತಾಗುತ್ತಿತ್ತೆಂದು ಬಾನೆಟ್ಟನ್ನೇ ತಿರುಗಿಸಿ, ಹೆಚ್ಚುಕಡಿಮೆಯನ್ನು ನಾಲ್ಕೂ ಸಂದುಗಳಿಗೆ ಹಂಚಿದ್ದರು. ದೂರದಿಂದ ಕಾಣಬಾರದೆಂಬ ಲೆಕ್ಕ. ಇಂಥ ಕೆಲಸ ನನಗೆ ಸಿಟ್ಟು ತರಿಸುತ್ತದೆ. ಒಂದು ತಗಡಿನ ದೋಷ ಮುಚ್ಚಲು ಸರಿಯಾಗಿದ್ದ ಇನ್ನೊಂದನ್ನು ಕೆಡಿಸುವುದು ಕೆಲಸವಲ್ಲ, ಮೋಸ.

ಪೋರ್ಷೆ 356 ನೋಡಿದ್ದೀರಾ? ಆಗಸ್ಟ್‌ನಲ್ಲಿ ವುಡ್‌ವರ್ಡ್ ರಸ್ತೆಯುದ್ದಕ್ಕೂ ಹಳೆಯ ಕಾರುಗಳ ಮೆರವಣಿಗೆ ನಡೆಯುತ್ತದೆ, 1995ರಿಂದ. ಅಲ್ಲಿ ಅಪರೂಪಕ್ಕೆ ಒಂದೆರಡು 356 ಬರುತ್ತವೆ. ಆ ಕಾರುಗಳ ಬಾನೆಟ್, ಬಾಗಿಲು, ಹಿಂದಿನ ಎಂಜಿನ್ ಮುಚ್ಚಳಗಳ ಒಳಬದಿಯಲ್ಲಿ ಚಾಸಿ ಸಂಖ್ಯೆಯ ಕೊನೆಯ ಅಂಕಿಗಳನ್ನು ಅಚ್ಚೊತ್ತಿರುತ್ತಾರೆ. ಏಕೆಂದರೆ ಪ್ರತಿ ತಗಡನ್ನೂ ಆ ಒಂದೇ ಕಾರಿಗೆ ಕೈಯಿಂದ ಹೊಂದಿಸಿ, ಅಂಚುಗಳಿಗೆ ಸೀಸ ತುಂಬಿ ಅರದಿಂದ ತಿದ್ದುತ್ತಿದ್ದರು. ಬಣ್ಣ ಹಚ್ಚಲು ಬಿಚ್ಚಿದ ಮೇಲೆ ಯಾವುದು ಯಾವ ಕಾರಿನದೆಂದು ತಿಳಿಯಬೇಕಲ್ಲ. ಇಲ್ಲೇ ಹತ್ತಿರದ ಫ್ಲಿಂಟ್‌ನಲ್ಲಿ 1953ರಲ್ಲಿ ಕಟ್ಟಿದ ಮೊದಲ 300 ಕಾರ್ವೆಟ್‌ಗಳೂ ಹೆಚ್ಚುಕಡಿಮೆ ಕೈಗೆಲಸವೇ, ಅದೂ ಫೈಬರ್‌ಗ್ಲಾಸ್ ಮೈ. ಜಾಗ್ವಾರ್ ಇ-ಟೈಪ್‌ನದು ಇನ್ನೂ ಕಷ್ಟ. ಅದರಲ್ಲಿ ಫೆಂಡರ್‌ಗಳೂ ಬಾನೆಟ್ಟೂ ಸೇರಿ ಒಂದೇ ಉದ್ದನೆಯ ಮೂತಿ. ಅದು ಮುಂದಿನ ಕೀಲಿನ ಮೇಲೆ ಇಡಿಯಾಗಿ ಎದ್ದು ನಿಲ್ಲುತ್ತದೆ. ಕೀಲಿನ ಬಳಿ ಒಂದು ತೆಳು ಬಿಲ್ಲೆ ಸೇರಿಸಿದರೆ, ಅಷ್ಟು ದೂರದ ಹಿಂದಿನ ಅಂಚು ಅದರ ಹಲವು ಪಟ್ಟು ಸರಿಯುತ್ತದೆ.

ಮಿಯಾಟಾದ ದೊಡ್ಡತನ ಬೇರೆ. ಒಂದೇ ಅಚ್ಚಿನಲ್ಲಿ ಒತ್ತಿದ ತಗಡುಗಳು, ಒಂದರ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಹಾಗಾಗಿ ಗುಜರಿಯಲ್ಲಿ ಬಿದ್ದಿದ್ದ ಒಂದು ಕೆಂಪು ಮಿಯಾಟಾದ ಬಲ ಫೆಂಡರ್ ಬಿಚ್ಚಿಕೊಂಡು ಬಂದೆ. ಹಳೆಯದು, ಆದರೆ ಮೂಲದ್ದು. ನೀಲಿ ಕಾರಿನ ಮೇಲೆ ಕೆಂಪು ತಗಡು ಕೂರಿಸಿಯೇ ಹೊಂದಿಕೆಯ ಕೆಲಸವೆಲ್ಲ ನಡೆಯಿತು. ಬಣ್ಣ ಹಚ್ಚಿದ ಮೇಲೆ ಹೊಂದಿಸುತ್ತೇನೆ ಎಂದು ಯಾರೂ ಹೊರಡಬಾರದು. ಮೊದಲು ಕೂರಿಸಿ, ನೋಡಿ, ಬಿಚ್ಚಿ, ಆಮೇಲೆ ಬಣ್ಣ.

ಕೆಲಸ ಶುರುವಾದದ್ದು ಬಾಗಿಲಿನಿಂದ. ಬಾಗಿಲನ್ನು ಅರ್ಧ ತೆರೆದು, ಹಿಂದಿನ ತುದಿಯನ್ನು ಹಿಡಿದು ಮೇಲಕ್ಕೆತ್ತಿ ನೋಡಬೇಕು. ಟಕ್ಕೆಂದು ಆಡಿದರೆ ಕೀಲಿನ ಪಿನ್ ಸವೆದಿದೆ. ಆಡಲಿಲ್ಲ. ನಂತರ ಹಿಂದಿನ ಕಂಬದಲ್ಲಿರುವ ಚಿಲಕದ ಕೊಂಡಿಯನ್ನು ಬಿಚ್ಚಿಟ್ಟೆ. ಎಷ್ಟೋ ಕಾರುಗಳಲ್ಲಿ ಜೋತುಬಿದ್ದ ಬಾಗಿಲನ್ನು ಈ ಕೊಂಡಿಯೇ ಮುಚ್ಚುವಾಗ ಎತ್ತಿ ಹಿಡಿಯುತ್ತದೆ, ಸಂದು ಸರಿಯಿದ್ದಂತೆ ತೋರುತ್ತದೆ. ಕೊಂಡಿ ಇಲ್ಲದೆಯೂ ಬಾಗಿಲು ತನ್ನ ಜಾಗಕ್ಕೆ ಬಂದರೆ ಮಾತ್ರ ಕೀಲು ಸರಿ ಎಂದರ್ಥ. ಆ ಕೊಂಡಿಯ ತಿರುಪುಗಳಿಗೆ ಜಪಾನಿನ ಜೆಐಎಸ್ ಮಾದರಿಯ ಸ್ಕ್ರೂಡ್ರೈವರ್ ಬೇಕು. ನೋಡಲು ಸಾಮಾನ್ಯ ಫಿಲಿಪ್ಸ್‌ನಂತೆಯೇ ಇರುತ್ತದೆ, ಆದರೆ ಫಿಲಿಪ್ಸ್ ಹಾಕಿ ಬಲ ಬಿಟ್ಟರೆ ಅದು ಜಾರಿ ಮೇಲೆದ್ದು ತಿರುಪಿನ ತಲೆಯನ್ನು ಕಿತ್ತುಹಾಕುತ್ತದೆ. ಹಳೆಯ ಜಪಾನಿ ಕಾರು ಅಥವಾ ಬೈಕು ಇರುವವರ ಮನೆಯಲ್ಲಿ ಈ ಒಂದು ಉಪಕರಣ ಇರಲೇಬೇಕು.

ಬಾಗಿಲಿನ ಸುತ್ತಲಿನ ರಬ್ಬರನ್ನೂ ಹೊಂದಿಸುವ ಮುನ್ನವೇ ಬದಲಿಸಿದೆ. ಮೂವತ್ತು ವರ್ಷ ಒತ್ತಿಸಿಕೊಂಡ ಹಳೆಯ ರಬ್ಬರ್ ಚಪ್ಪಟೆಯಾಗಿರುತ್ತದೆ. ಹೊಸದು ದಪ್ಪ, ಅದು ಬಾಗಿಲನ್ನು ಹೊರಕ್ಕೆ ತಳ್ಳುತ್ತದೆ. ಹಳೆಯ ರಬ್ಬರಿಗೆ ಹೊಂದಿಸಿ ಆಮೇಲೆ ಹೊಸದು ಹಾಕಿದರೆ ಕೆಲಸವೆಲ್ಲ ಮತ್ತೆ ಮಾಡಬೇಕು. ಅದೇ ಹೊತ್ತಿಗೆ ಬಟ್ಟೆಚಾವಣಿಯ ನೀರಿನ ಕೊಳವೆಗಳನ್ನೂ ನೋಡಿಕೊಂಡೆ. ಸೀಟುಗಳ ಹಿಂದೆ ಎರಡೂ ಕಡೆ ಇರುವ ಈ ಕೊಳವೆಗಳು ಕಸ ಕಟ್ಟಿದರೆ ನೀರು ಬಾಗಿಲಿನ ಕೆಳಗಿನ ಪೊಳ್ಳು ತೊಲೆಯೊಳಗೆ ನಿಂತು, ಹಿಂದಿನ ಚಕ್ರದ ಮುಂದಿನ ಭಾಗ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಚಾವಣಿಯಿಲ್ಲದ ಕಾರಿಗೆ ಆ ತೊಲೆಗಳೇ ಬೆನ್ನೆಲುಬು. ಅವು ಹೋದರೆ ಕಾರು ನಡುವೆ ಬಾಗಿ, ಬಾಗಿಲಿನ ಮೇಲಿನ ಸಂದು ಕಿರಿದಾಗುತ್ತದೆ. ಒಂದು ಲೋಟ ನೀರು ಸುರಿದೆ, ಕಾರಿನ ಅಡಿಯಿಂದ ಧಾರೆಯಾಗಿ ಬಂತು. ಒಳ್ಳೆಯದಾಯಿತು.

ಇನ್ನು ಫೆಂಡರ್. ಬಾನೆಟ್‌ನ ಪಕ್ಕದ ಕಾಲುವೆಯಲ್ಲಿ ಸಾಲಾಗಿ ಬೋಲ್ಟ್‌ಗಳಿವೆ, ಬಾಗಿಲು ತೆರೆದರೆ ಮೇಲ್ಗಡೆ ಒಂದು ಕಾಣುತ್ತದೆ, ಕೆಳಗೆ ತೊಲೆಯ ಬಳಿ, ಮುಂದೆ ಬಂಪರ್ ಕೂಡುವಲ್ಲಿ. ಎಲ್ಲಕ್ಕೂ 10 ಎಂಎಂ ಪಾನಾ. ಎಲ್ಲವನ್ನೂ ಬೆರಳಿನಿಂದ ತಿರುಗಿಸುವಷ್ಟೇ ಬಿಗಿದು, ಮೊದಲು ನೋಡಬೇಕಾದದ್ದು ಬಾಗಿಲಿನ ಕಡೆಯ ಸಂದು. ಇಲ್ಲಿ ಎರಡು ವಿಷಯ ನೆನಪಿಡಬೇಕು. ಬಾಗಿಲು ತೆರೆಯುವಾಗ ಅದರ ಮುಂದಿನ ಅಂಚು ಫೆಂಡರ್‌ನ ಒಳಕ್ಕೆ ತಿರುಗುತ್ತದೆ. ಸಂದು ತೀರ ಕಿರಿದಾದರೆ ಮೊದಲ ಸಲ ಬಾಗಿಲು ತೆರೆದಾಗಲೇ ಎರಡೂ ಅಂಚುಗಳ ಬಣ್ಣ ಹಾರುತ್ತದೆ. ಆದ್ದರಿಂದ ಬಾಗಿಲನ್ನು ಒಂದೊಂದೇ ಇಂಚು ತೆರೆಯುತ್ತ, ಸಂದಿನಲ್ಲಿ ಕಾಗದದ ಚೀಟಿ ಆಡಿಸುತ್ತ ನೋಡಬೇಕು. ಇನ್ನೊಂದು, ಗಾಳಿ ಮುಂದಿನಿಂದ ಹಿಂದಕ್ಕೆ ಹರಿಯುತ್ತದೆ. ಬಾಗಿಲಿನ ಅಂಚು ಫೆಂಡರಿಗಿಂತ ಒಂದು ಕೂದಲೆಳೆ ಒಳಗಿದ್ದರೆ ಅಡ್ಡಿಯಿಲ್ಲ. ಹೊರಗಿದ್ದರೆ ವೇಗದಲ್ಲಿ ಗಾಳಿ ಅದಕ್ಕೆ ಬಡಿದು ಸಿಳ್ಳೆ ಹಾಕುತ್ತದೆ. ಅಂಗೈ ಮತ್ತು ಬಟ್ಟೆಯ ಪರೀಕ್ಷೆ ಇಲ್ಲಿ ಬಹಳ ಕೆಲಸಕ್ಕೆ ಬರುತ್ತದೆ.

ಮೂಲ ಫೆಂಡರ್ ಕೂತ ರೀತಿ ನೋಡಿ ನನಗೆ ಆದ ಸಂತೋಷ ಹೇಳತೀರದು. ತೂತುಗಳು ತಾವಾಗಿಯೇ ಎದುರಾದವು. ಬಾಗಿಲಿನ ಮೈಮೇಲಿನ ಉಬ್ಬುಗೆರೆ ಫೆಂಡರಿನ ಗೆರೆಯೊಂದಿಗೆ ತಡೆಯಿಲ್ಲದೆ ಸೇರಿತು. ಬಾಗಿಲಿನ ಬಳಿ ಮೇಲಿನಿಂದ ಕೆಳಗಿನವರೆಗೆ ನಾಲ್ಕು ಮಿಲಿಮೀಟರ್. ಆ ಬದಿಯನ್ನು ಬಿಗಿದೆ. ಮುಂದಿನ ಬೋಲ್ಟ್‌ಗಳನ್ನು ಸಡಿಲವಾಗಿಯೇ ಬಿಟ್ಟೆ, ಬಾನೆಟ್ ಬಂದ ಮೇಲೆ ನೋಡಲು.

ಈಗ ಬಾನೆಟ್ಟಿನ ಸರದಿ. ಮಿಯಾಟಾದ ಬಾನೆಟ್ ಅಲ್ಯೂಮಿನಿಯಂ. ಇಡೀ ಕಾರನ್ನೇ ಸಾವಿರ ಕಿಲೋದ ಒಳಗೆ ಇಡಲು ಹಟ ಹಿಡಿದವರ ನಿರ್ಧಾರ ಅದು. ಒಬ್ಬರೇ ಎತ್ತಬಹುದಾದಷ್ಟು ಹಗುರ, ಆದರೆ ಒಬ್ಬರೇ ಎತ್ತಬಾರದು. ಮೂಲೆಯೊಂದು ಗಾಜಿನ ಬುಡಕ್ಕೆ ತಗುಲಿದರೆ ಅಲ್ಯೂಮಿನಿಯಂ ಮಡಚಿಹೋಗುತ್ತದೆ, ಉಕ್ಕಿನಂತೆ ಮತ್ತೆ ತಟ್ಟಿ ಸರಿಮಾಡುವುದು ಸುಲಭವಲ್ಲ. ಇಲ್ಲಿನ ಪಂಪ ಕನ್ನಡ ಕೂಟದಲ್ಲಿ ಪರಿಚಯವಾದ ಗೆಳತಿಯೊಬ್ಬಳು ಬಂದು ಇನ್ನೊಂದು ಮಗ್ಗುಲು ಹಿಡಿದಳು. ಗಾಜಿನ ಬುಡದಲ್ಲಿ ಎರಡು ಮಡಿಕೆ ಟವೆಲ್ ಹಾಸಿದ್ದೆವು, ಮೂಲೆಗಳಿಗೆ ಅಂಟುಪಟ್ಟಿ.

ಕೀಲಿನ ಬೋಲ್ಟ್‌ಗಳು 12 ಎಂಎಂ. ಬಿಚ್ಚುವ ಮುನ್ನ ಕೀಲಿನ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದುಕೊಳ್ಳುವುದು ವಾಡಿಕೆ. ನನಗೆ ಅದಕ್ಕಿಂತ ಒಳ್ಳೆಯ ಗುರುತು ಆಗಲೇ ಇತ್ತು, ಹಿರೋಶಿಮಾದ ಕಾರ್ಖಾನೆ ಬಿಟ್ಟುಹೋದ ಉಂಗುರಗಳು. ಬೋಲ್ಟ್‌ಗಳನ್ನು ಸಡಿಲಿಸಿ, ವಾಷರ್‌ಗಳು ತಮ್ಮ ಹಳೆಯ ಉಂಗುರಗಳ ಮೇಲೆ ಬರುವಂತೆ ಬಾನೆಟ್ಟನ್ನು ಮೆಲ್ಲಗೆ ಜರುಗಿಸಿದೆವು. ಉಕ್ಕಿನ ಬೋಲ್ಟ್ ಅಲ್ಯೂಮಿನಿಯಮ್ಮಿಗೆ ತಾಗುವಲ್ಲಿ ತೇವ ಸೇರಿದರೆ ಅಲ್ಯೂಮಿನಿಯಂ ಬಿಳಿಯ ಪುಡಿಯಾಗಿ ಕೊರೆದುಹೋಗುತ್ತದೆ. ಅದಕ್ಕಾಗಿ ಪ್ರತಿ ಬೋಲ್ಟಿಗೂ ಆಂಟಿ-ಸೀಜ್ ಲೇಪ ಹಚ್ಚಿದೆ.

ಬಾನೆಟ್ ಮುಚ್ಚುವ ಮುನ್ನ ಮುಂದಿನ ಚಿಲಕವನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದೆ. ಈ ಹಂತವನ್ನು ಬಿಡುವವರೇ ಹೆಚ್ಚು. ಚಿಲಕ ಇದ್ದರೆ ಅದು ಬಾನೆಟ್ಟನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ನೋಡುವವರಿಗೆ ಕೀಲು ಹೇಳುವುದು ಯಾವುದು, ಚಿಲಕ ಎಳೆದದ್ದು ಯಾವುದು ಎಂದು ತಿಳಿಯುವುದಿಲ್ಲ. ಚಿಲಕವಿಲ್ಲದೆ ಬಾನೆಟ್ ತನ್ನ ಭಾರದಲ್ಲಿ ತಾನೇ ಕೂರಲಿ. ಆಗ ಕೀಲುಗಳು ಮಾತ್ರ ಮಾತಾಡುತ್ತವೆ.

ಹಾಗೆ ಕೂತ ಬಾನೆಟ್‌ನ ಎಡ ಸಂದು ಹಿಂದಿನಿಂದ ಮುಂದಿನವರೆಗೆ ನಾಲ್ಕು. ಬಲ ಸಂದು ಹಿಂದೆ ನಾಲ್ಕು, ಮುಂದೆ ಮೂರೂವರೆ. ಸಡಿಲವಾಗಿ ಬಿಟ್ಟಿದ್ದ ಫೆಂಡರ್‌ನ ಮುಂದಿನ ತುದಿಯನ್ನು ಹೊರಕ್ಕೆ ಎಳೆದು, ಬಿಟ್‌ನ ನುಣುಪು ತುದಿ ಸಂದಿನಲ್ಲಿಟ್ಟುಕೊಂಡೇ ಬಿಗಿದೆ. ಮೂತಿಯ ಕಡೆ ಎರಡೂ ಮೂಲೆಗಳಲ್ಲಿ ಐದು. ಬಾನೆಟ್‌ಗೆ ನಾವು ಮಾಡಿದ್ದು ಅದನ್ನು ಹಳೆಯ ಜಾಗಕ್ಕೆ ಮರಳಿಸಿದ್ದಷ್ಟೇ.

ಎತ್ತರ ಹೊಂದಿಸುವುದು ಬೇರೆಯೇ ಕೆಲಸ, ಅದನ್ನು ಸಂದಿನ ಕೆಲಸದ ಜೊತೆ ಬೆರೆಸಬಾರದು. ಹಿಂದಿನ ಮೂಲೆಗಳ ಎತ್ತರ ಕೀಲಿನಲ್ಲಿ, ಮುಂದಿನ ಮೂಲೆಗಳ ಎತ್ತರ ರಬ್ಬರ್ ಗೂಟಗಳಲ್ಲಿ, ನಡುವಿನ ಬಿಗಿ ಚಿಲಕದಲ್ಲಿ. ನನ್ನ ಕಾರಿನ ಎಡ ಹಿಂದಿನ ಮೂಲೆ ಫೆಂಡರಿಗಿಂತ ಸ್ವಲ್ಪ ತಗ್ಗಿತ್ತು. ಕೀಲು ಮತ್ತು ಬಾನೆಟ್ ನಡುವೆ ತೆಳುವಾದ ಬಿಲ್ಲೆ ಸೇರಿಸಿದೆ, ಎರಡೂ ಬೋಲ್ಟ್‌ಗಳ ಕೆಳಗೆ ಸಮವಾಗಿ. ಒಂದರ ಕೆಳಗೆ ಮಾತ್ರ ಹಾಕಿದರೆ ಬಿಗಿದಾಗ ಅಲ್ಯೂಮಿನಿಯಂ ತಿರುಚಿಕೊಳ್ಳುತ್ತದೆ. ರಬ್ಬರ್ ಗೂಟಗಳು ಗಟ್ಟಿಯಾಗಿ ಬಿರುಕು ಬಿಟ್ಟಿದ್ದವು. ಹೊಸವನ್ನು ಹಾಕಿ, ಅವನ್ನು ತಿರುಗಿಸುತ್ತ ಏರಿಸಿ ಇಳಿಸಿ, ಬಾನೆಟ್‌ನ ಮುಂದಿನ ಮೂಲೆಗಳನ್ನು ಫೆಂಡರ್‌ಗಳ ಮಟ್ಟಕ್ಕೆ ತಂದೆ. ಎಲ್ಲ ಮುಗಿದ ಮೇಲೆ ಚಿಲಕ. ಅದು ಬಾನೆಟ್ಟನ್ನು ಪಕ್ಕಕ್ಕೆ ಎಳೆಯದೆ, ನೇರ ಕೆಳಕ್ಕೆ, ಗೂಟಗಳ ಮೇಲೆ ಅಳತೆಯಾಗಿ ಒತ್ತುವಂತಿರಬೇಕು. ಒತ್ತು ಕಡಿಮೆಯಾದರೆ ಬಾನೆಟ್ ಗಡಗಡ ಎನ್ನುತ್ತದೆ, ಹೆಚ್ಚಾದರೆ ಮುಚ್ಚಲು ಬಲ ಬೇಕಾಗಿ ಅಲ್ಯೂಮಿನಿಯಂ ಮೇಲೆ ಅಂಗೈಯ ತಗ್ಗು ಮೂಡುತ್ತದೆ.

ಚಿಲಕದ ಜೊತೆಗೇ ಒಂದು ಎರಡನೆಯ ಕೊಕ್ಕೆ ಇದೆ. ಚಿಲಕ ಬಿಟ್ಟುಕೊಂಡರೂ ಬಾನೆಟ್ ಹಾರದಂತೆ ಹಿಡಿಯುವುದು ಅದೇ. ಈ ಬಾನೆಟ್‌ನ ಕೀಲು ಗಾಜಿನ ಕಡೆ ಇರುವುದರಿಂದ, ಹೆದ್ದಾರಿಯ ವೇಗದಲ್ಲಿ ಕೊಕ್ಕೆಯೂ ತಪ್ಪಿದರೆ ಗಾಳಿ ಅದನ್ನು ಎತ್ತಿ ಗಾಜಿನ ಮೇಲೆ ಬಡಿಯುತ್ತದೆ, ಚಾಲಕಿಗೆ ಮುಂದೇನೂ ಕಾಣುವುದಿಲ್ಲ. ಚಿಲಕ ಅಲುಗಿಸಿದವರು ಕಾರನ್ನು ಗೇಟಿನಿಂದ ಹೊರಗೆ ತರುವ ಮುನ್ನ, ಒಳಗಿನ ಹಿಡಿ ಎಳೆದು ಬಾನೆಟ್ ಸಡಿಲಿಸಿ, ಮುಂದೆ ಬಂದು ಅದನ್ನು ಎರಡೂ ಕೈಯಿಂದ ಎತ್ತಲು ನೋಡಬೇಕು. ಕೊಕ್ಕೆ ತಡೆಯಬೇಕು. ಸಂದುಗಳು ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆ ಆದರೆ ಆಗಲಿ, ಇದರಲ್ಲಿ ಮಾತ್ರ ರಾಜಿ ಇಲ್ಲ.

ನಾಲ್ಕು ಮಿಲಿಮೀಟರ್ ಏಕೆ, ಮೂರಕ್ಕೆ ತರಬಹುದಲ್ಲ ಎಂದು ಗೆಳತಿ ಕೇಳಿದಳು. ತರಬಹುದು. ಆದರೆ ಕಣ್ಣಿಗೆ ಮುಖ್ಯವಾದದ್ದು ಸಂದಿನ ಅಗಲವಲ್ಲ, ಅದರ ಸಮಾನತೆ. ಉದ್ದಕ್ಕೂ ಐದು ಇದ್ದರೂ ಯಾರೂ ಗಮನಿಸುವುದಿಲ್ಲ. ಮೂರರಿಂದ ನಾಲ್ಕಕ್ಕೆ ಅಗಲವಾಗುತ್ತ ಹೋದರೆ ಹತ್ತು ಹೆಜ್ಜೆ ದೂರದಿಂದಲೇ ಗೊತ್ತಾಗುತ್ತದೆ. ಬಿಳಿ ಕಾರಿನಲ್ಲಿ ಇನ್ನೂ ಬೇಗ ಗೊತ್ತಾಗುತ್ತದೆ, ಕಪ್ಪು ಗೆರೆ ಎದ್ದು ಕಾಣುವುದರಿಂದ. ಜೊತೆಗೆ ಈ ಕಾರಿನ ಬಾನೆಟ್ ಅಲ್ಯೂಮಿನಿಯಂ, ಫೆಂಡರ್ ಉಕ್ಕು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಒಂದೂಕಾಲು ಮೀಟರ್ ಅಗಲದ ಬಾನೆಟ್, ಮಿಷಿಗನ್‌ನ ಜನವರಿಗೂ ಜುಲೈಗೂ 45 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಎಂದಿಟ್ಟುಕೊಂಡರೆ, ಬಾನೆಟ್ ಸುಮಾರು 1.3 ಮಿಲಿಮೀಟರ್ ಹಿಗ್ಗುತ್ತದೆ, ಅದೇ ಅಗಲದ ಉಕ್ಕು 0.7. ಒಂದೊಂದು ಪಕ್ಕಕ್ಕೆ ಮೂರನೇ ಒಂದು ಮಿಲಿಮೀಟರಿನ ಹತ್ತಿರ ಸಂದು ಕಿರಿದಾಗುತ್ತದೆ. ಅದರ ಮೇಲೆ ಎಂಜಿನ್ನಿನ ಶಾಖ ಬೇರೆ. ಈ ಕಾರಿನ ತಗಡುಗಳನ್ನು ಒಂದನ್ನೊಂದು ಗೀಚುವಷ್ಟು ಹತ್ತಿರ ತರುವುದು ಅದರ ಸ್ವಭಾವಕ್ಕೆ ವಿರುದ್ಧ. ಕಾರ್ಖಾನೆಯಿಂದ ಬಂದದ್ದಕ್ಕಿಂತ ಚೆನ್ನಾಗಿ ಮಾಡುತ್ತೇನೆಂದು ಅಂಚುಗಳಿಗೆ ಬೆಸುಗೆ ಕಟ್ಟಿ, ಅರ ಹಾಕಿ, ಮೂರು ಮಿಲಿಮೀಟರಿಗೆ ತರುವವರನ್ನು ನೋಡಿದ್ದೇನೆ. ಅವರ ಕೈಚಳಕಕ್ಕೆ ನನ್ನ ಗೌರವವಿದೆ. ನನಗೆ ಬೇಕಾದದ್ದು 1990ರಲ್ಲಿ ಹೇಗಿತ್ತೋ ಹಾಗಿರುವ ಕಾರು.

ಬಂಪರ್‌ನ ಕೆಲಸ ಬೇಗ ಮುಗಿಯಿತು. ಮುಂದೀಪದ ಮುಚ್ಚಳಗಳಿಗೆ ಹೆಚ್ಚು ಹೊತ್ತು ಹಿಡಿಯಿತು. ಕೆಲಸ ಮಾಡುವಾಗ ಅವು ತಟ್ಟನೆ ಮೇಲೇಳದಂತೆ, ಬೆರಳು ಸಿಕ್ಕಿಕೊಳ್ಳದಂತೆ, ಫ್ಯೂಸ್ ಪೆಟ್ಟಿಗೆಯಿಂದ ಅವುಗಳ ಫ್ಯೂಸ್ ಕಿತ್ತಿಡಬೇಕು. ಮೋಟಾರಿನ ತುದಿಯ ರಬ್ಬರ್ ಟೋಪಿ ತೆಗೆದರೆ ಕೆಳಗೆ ಒಂದು ಗುಬುಟು ಇದೆ. ಅದನ್ನು ಕೈಯಿಂದ ತಿರುಗಿಸುತ್ತ ದೀಪವನ್ನು ನಿಧಾನ ಏರಿಸಿ ಇಳಿಸಿ, ಮುಚ್ಚಳದ ಅಂಚು ಎಲ್ಲಿ ತಾಗುತ್ತದೆ ಎಂದು ನೋಡಬಹುದು. ಬಲಗಡೆಯದು ಬಂಪರ್ ಸರಿಯಾದೊಡನೆ ತಾನೇ ಸರಿಹೋಯಿತು.

ಬಣ್ಣ ಹಚ್ಚಿಸಿಕೊಂಡು ಬಂದ ಫೆಂಡರನ್ನು ಮತ್ತೆ ಅದೇ ಕ್ರಮದಲ್ಲಿ ಕೂರಿಸಿದೆ. ಬಣ್ಣದ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಬೋಲ್ಟ್ ಕೂರುವ ಜಾಗಗಳನ್ನು ಮುಚ್ಚಿಯೇ ಬಣ್ಣ ಹೊಡೆಯಬೇಕೆಂದು ಮೊದಲೇ ಹೇಳಿದ್ದೆ, ಅವರು ಹಾಗೆಯೇ ಮಾಡಿದ್ದರು. ಅಪ್ಪನಿಗೆ ವಿಡಿಯೊ ಕರೆ ಮಾಡಿ ಮೊಬೈಲನ್ನು ಬಾಗಿಲಿನಿಂದ ಮೂತಿಯವರೆಗೆ ನಿಧಾನ ಸರಿಸಿ ತೋರಿಸಿದೆ. "ಬಟ್ಟೆ ಹಾಕಿ ಸವರಿದೆಯಾ?" ಎಂದರು. ಸವರಿದ್ದೆ. "ಹಾಗಾದರೆ ನಾನು ನೋಡಬೇಕಾದ್ದಿಲ್ಲ" ಎಂದು ಎಡ ದೀಪದ ಮುಚ್ಚಳ ತೋರಿಸಲು ಹೇಳಿದರು.

ಅದೊಂದು ಉಳಿದಿದೆ. ಎಡ ಮುಚ್ಚಳದ ಹಿಂದಿನ ಮೂಲೆ ಬಾನೆಟ್ಟಿಗಿಂತ ಒಂದು ಮಿಲಿಮೀಟರ್ ಎತ್ತರ ನಿಲ್ಲುತ್ತದೆ. ಅದು ತಗಡಿನ ದೋಷವಲ್ಲ. ದೀಪ ಎತ್ತುವ ತೋಳಿನ ಕೀಲಿನಲ್ಲಿರುವ ಪುಟ್ಟ ಬಳೆಯಂಥ ಬುಷ್ ಸವೆದು ತೋಳು ಪೂರ್ತಿ ಕೆಳಗಿಳಿಯುತ್ತಿಲ್ಲ. ಬುಷ್‌ಗಳನ್ನು ತರಿಸಿದ್ದೇನೆ. ಅಲ್ಲಿಯವರೆಗೆ ಮುಚ್ಚಳದ ಬೋಲ್ಟ್‌ಗಳನ್ನು ಮುಟ್ಟುವುದಿಲ್ಲ. ಕೆಲವು ನೂರು ಮೈಲಿ ಓಡಿದ ಮೇಲೆ ಫೆಂಡರ್ ಮತ್ತು ಕೀಲಿನ ಬೋಲ್ಟ್‌ಗಳ ಬಿಗಿಯನ್ನು ಇನ್ನೊಮ್ಮೆ ನೋಡಿ, ನಾಲ್ಕೂ ಸಂದುಗಳನ್ನು ಅಳೆದು, ಡಿಸೆಂಬರಿನಲ್ಲಿ ಕಾರನ್ನು ಗ್ಯಾರೇಜಿನಲ್ಲಿ ನಿಲ್ಲಿಸುವ ಮುನ್ನ ಮತ್ತೊಮ್ಮೆ ಅಳೆಯಬೇಕು.